ಏರಿಕೆ ಇಳಿದರೆ ಬೆಲೆ ಇಳಿದಂತೆಯೇ?

ಶ್ರೀಲಂಕಾದ ಲೆಕ್ಕವನ್ನೇ ನೋಡಿ. ಕೊಲಂಬೊ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಅಲ್ಲಿನ ಹಣದುಬ್ಬರ 2022ರ ಸೆಪ್ಟೆಂಬರಿನಲ್ಲಿ ಶೇಕಡಾ 69.8, ಆಹಾರದ್ದಂತೂ 94.9. ಮರುವರ್ಷ ಅದೇ ತಿಂಗಳು ಬರೀ 1.3. ಹಾಗಾದ್ರೆ ಬೆಲೆ ಇಳೀತು ಅಂತೀರಾ? ಇಲ್ಲ ಸ್ವಾಮಿ! 2021ರ ಸೆಪ್ಟೆಂಬರಿನಲ್ಲಿ ನೂರು ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ ಮರುವರ್ಷ ಸುಮಾರು 170 ತೆರಬೇಕಾಯಿತು. ಅದರ ಮರುವರ್ಷ 172. ಇಳಿದದ್ದು ಏರುವ ವೇಗ, ಬೆಲೆಯಲ್ಲ. ಕೂಲಿ ಅಷ್ಟೇ ಏರದವನಿಗೆ ಆ 1.3 ಯಾವ ಸಮಾಧಾನ?

ಮೇಲಾಗಿ ಈ ಸೂಚ್ಯಂಕ ಕೊಲಂಬೊ ಜಿಲ್ಲೆಯ ನಗರವಾಸಿಗಳ ಖರ್ಚಿನದು. ಬೆಟ್ಟದ ಟೀ ತೋಟದಲ್ಲಿ ಎಲೆ ಕೀಳುವವಳ ಸಂತೆಚೀಲ ಅದರಲ್ಲಿಲ್ಲ. ಇಡೀ ದೇಶದ ಸೂಚ್ಯಂಕ ಬೇರೆ ಇದೆ; ಅದು ತಡವಾಗಿ ಬರುತ್ತದೆ, ಅಷ್ಟರೊಳಗೆ ಕೊಲಂಬೊದ ಅಂಕಿಯೇ ಸುದ್ದಿಯಾಗಿರುತ್ತದೆ.

ಕಾಮರ್ಸ್ ಓದುವ ನಾವಾದರೂ ದರದ ಪಕ್ಕದಲ್ಲಿ ಬೆಲೆಯ ಮಟ್ಟವನ್ನೂ ಬರೆಯೋಣ. ಯಾರ ಚೀಲದ ಲೆಕ್ಕ ಇದು ಅಂತಾನೂ ಕೇಳೋಣ.