ಕೀಲಿ ತೆಗೆಯುವ ಹುಡುಗ

ಕಳೆದ ಶ್ರಾವಣದಲ್ಲಿ ಪುರಾಣ ಪ್ರವಚನದ ನಿಮಿತ್ತ ಹಿಟ್ನಾಳ ಗ್ರಾಮದಲ್ಲಿ ಕೆಲವು ದಿನ ತಂಗುವ ಪ್ರಸಂಗ ನಮಗೆ ಒದಗಿತ್ತು. ಹೆದ್ದಾರಿಯ ಸಮೀಪದ ಊರು. ರಾತ್ರಿಯಿಡೀ ಲಾರಿಗಳ ಸಪ್ಪಳ. ನಮಗೆ ನಿದ್ರೆ ಅಷ್ಟಕ್ಕಷ್ಟೆ. ಒಂದು ಮುಂಜಾನೆ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ನಾವು ತಂಗಿದ್ದ ಮನೆಯ ತಾಯಿ ಬಂದು, ಸೆರಗು ಸರಿಪಡಿಸಿಕೊಂಡು, ದನಿ ತಗ್ಗಿಸಿ ಹೇಳಿದರು: “ಅಜ್ಜಾರ, ನಮ್ಮ ಹುಡುಗಗ ನೀವರ ನಾಕು ಮಾತು ಹೇಳ್ರಿ. ಕೀಲಿಕೈ ಇಲ್ದ ಕೀಲಿ ತಗೀತಾನ. ನಾಳೆ ಓಣ್ಯಾಗ ಯಾರ ಮನ್ಯಾಗರ ಕಳುವಾದ್ರ ಮೊದಲ ಇವನ ಹೆಸರ ಬರತೈತಿ.”

ಹುಡುಗನನ್ನು ಕರೆಸಿದೆವು. ವಯಸ್ಸು ಇಪ್ಪತ್ತರ ಒಳಗೆ, ಕೊಪ್ಪಳದಲ್ಲಿ ಐ.ಟಿ.ಐ. ಓದುತ್ತಿರುವವನು. ಸಂಕೋಚದಿಂದಲೇ ಒಂದು ಬಟ್ಟೆಯ ಗಂಟನ್ನು ಬಿಚ್ಚಿ ನಮ್ಮ ಮುಂದಿಟ್ಟನು. ಒಳಗಿನದೆಲ್ಲ ಕಾಣುವಂಥ ಪಾರದರ್ಶಕ ಬೀಗವೊಂದು, ಸಂತೆಯಲ್ಲಿ ಕೊಂಡ ಅಲಿಗಢದ ಬೀಗಗಳು ನಾಲ್ಕಾರು, ತುದಿ ಬಾಗಿದ ತೆಳು ಉಕ್ಕಿನ ಕಡ್ಡಿಗಳು. ಇವನ್ನು ಕೊರಿಯರಿನಲ್ಲಿ ತರಿಸಿಕೊಂಡು ಎರಡು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾನಂತೆ.

“ಹ್ಯಾಂಗ ತಗೀತಿ, ತೋರಿಸು” ಎಂದೆವು. ತಾಯಿಯ ಮುಖ ಸಣ್ಣದಾಯಿತು. ಬುದ್ಧಿ ಹೇಳಬೇಕಾದವರೇ ಶಿಷ್ಯರಾಗಲು ಹೊರಟರೆ ಅವರಾದರೂ ಏನು ಮಾಡಬೇಕು!

ಬೀಗದ ಒಳಗುಟ್ಟು ನಾವು ಎಣಿಸಿದಷ್ಟು ಜಟಿಲವಾಗಿರಲಿಲ್ಲ. ಹೊರಗೊಂದು ಕವಚ, ಅದರೊಳಗೆ ತಿರುಗುವ ಒಂದು ದುಂಡು ಕೊಳವೆ. ಎರಡನ್ನೂ ಹಾಯ್ದು ಸಾಲಾಗಿ ಐದು ರಂಧ್ರಗಳು. ಪ್ರತಿಯೊಂದು ರಂಧ್ರದಲ್ಲಿ ಒಂದರ ಮೇಲೊಂದು ಎರಡು ಕಿರಿ ಕಡ್ಡಿಗಳು. ಮೇಲಿನಿಂದ ಒತ್ತುವ ಒಂದು ಸ್ಪ್ರಿಂಗು. ಕೀಲಿಕೈ ಇಲ್ಲದಾಗ ಮೇಲಿನ ಕಡ್ಡಿ ಅರ್ಧ ಕವಚದಲ್ಲಿ, ಅರ್ಧ ಕೊಳವೆಯಲ್ಲಿ ನಿಂತು ಕೊಳವೆ ತಿರುಗದಂತೆ ತಡೆಯುತ್ತದೆ. ಸರಿಯಾದ ಕೀಲಿಕೈಯ ಹಲ್ಲುಗಳು ಐದೂ ಜೋಡಿಗಳನ್ನು ತಕ್ಕಷ್ಟು ಎತ್ತಿದಾಗ, ಅವುಗಳ ಸಂದು ಕವಚ ಹಾಗೂ ಕೊಳವೆಗಳ ಸಂದಿಗೆ ಸರಿಹೊಂದಿ ಬೀಗ ತಿರುಗುತ್ತದೆ. ಪ್ರಾಚೀನ ಈಜಿಪ್ಟಿನವರ ಮರದ ಅಗುಳಿಯಲ್ಲಿದ್ದ ಈ ತತ್ತ್ವಕ್ಕೆ ಅಮೆರಿಕದ ಲೈನಸ್ ಯೇಲ್ ಎಂಬಾತ ಇಂದಿನ ರೂಪ ಕೊಟ್ಟು 1861ರಲ್ಲಿ ಹಕ್ಕುಪತ್ರ ಪಡೆದನು.

ಕೀಲಿಕೈ ಇಲ್ಲದೆ ಇದನ್ನು ತೆರೆಯುವುದು ಹೇಗೆ? ಒಂದು ಕಡ್ಡಿಯಿಂದ ಕೊಳವೆಯನ್ನು ಹಗುರವಾಗಿ ತಿರುವಿ ಹಿಡಿಯಬೇಕು. ಮನುಷ್ಯನು ಕೊರೆದ ಐದು ರಂಧ್ರಗಳು ಒಂದೇ ಗೆರೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರಲಾರವು. ಆದ್ದರಿಂದ ಐದರಲ್ಲಿ ಯಾವುದೋ ಒಂದು ಕಡ್ಡಿ ಮೊದಲು ಬಿಗಿಯುತ್ತದೆ. ಇನ್ನೊಂದು ಕೈಯ ಬಾಗಿದ ಕಡ್ಡಿಯಿಂದ ಅದನ್ನು ಹುಡುಕಿ, ಮೆಲ್ಲನೆ ಎತ್ತಿದರೆ ‘ಟಿಕ್’ ಎಂದು ನಿಲ್ಲುತ್ತದೆ. ಬಳಿಕ ಮತ್ತೊಂದು ಬಿಗಿಯುತ್ತದೆ. ಬಲ ಹೆಚ್ಚಾದರೆ ಏನೂ ತಿಳಿಯದು. ಕಡಿಮೆಯಾದರೆ ನಿಂತ ಕಡ್ಡಿಗಳೆಲ್ಲ ಮತ್ತೆ ಕೆಳಗಿಳಿಯುತ್ತವೆ. ಹುಡುಗನು ಕಣ್ಣು ಮುಚ್ಚಿ ಮೂರು ನಿಮಿಷದಲ್ಲಿ ತೆಗೆದನು. ನಾವು ಮಧ್ಯಾಹ್ನದ ಪ್ರಸಾದದವರೆಗೆ ಕುಳಿತರೂ ಎರಡು ಕಡ್ಡಿಗಿಂತ ಮುಂದೆ ಹೋಗಲಿಲ್ಲ.

ನಮ್ಮ ಈ ಭಾಗದಲ್ಲಿ ‘ಕೀಲಿ’ ಎನ್ನುವುದನ್ನು ಮೈಸೂರು ಕಡೆಯವರು ‘ಬೀಗ’ ಎನ್ನುತ್ತಾರೆ. ಮಗಳನ್ನು ಕೊಟ್ಟ ಮನೆಯವರೂ ಬೀಗರೇ! ಇರಲಿ. ಕಳ್ಳತನಕ್ಕೆ ನಮ್ಮ ಭಾಷೆಯಲ್ಲಿ ಇರುವ ಹಳೆಯ ಮಾತು ಮಾತ್ರ ಬೀಗಕ್ಕೆ ಸಂಬಂಧಿಸಿದ್ದಲ್ಲ, ಗೋಡೆಗೆ ಸಂಬಂಧಿಸಿದ್ದು: ಕನ್ನ. ಸಂಸ್ಕೃತದ ಮೃಚ್ಛಕಟಿಕ ನಾಟಕದ ಶರ್ವಿಲಕನೂ ಗೋಡೆ ಕೊರೆಯುವುದನ್ನು ಒಂದು ಶಾಸ್ತ್ರವೆಂಬಂತೆ ವರ್ಣಿಸುತ್ತ ಒಳಹೋಗುತ್ತಾನೆ. ಹನ್ನೆರಡನೆಯ ಶತಮಾನದ ನಮ್ಮ ಶರಣರ ಸಾಲಿನಲ್ಲಿಯೇ ಕನ್ನದ ಮಾರಿತಂದೆ ಇದ್ದಾನೆ. ಹಿಂದೆ ಕನ್ನವಿಕ್ಕುತ್ತಿದ್ದವನು ವಚನಕಾರನಾದ ಮೇಲೆಯೂ ಆ ವೃತ್ತಿಯ ಮಾತುಗಳನ್ನು ಬಿಡಲಿಲ್ಲ. ಅವುಗಳಿಗೆ ಬೇರೆ ಅರ್ಥ ತುಂಬಿದನು. ಶರಣರು ಅವನ ಹೆಸರಿನಿಂದ ‘ಕನ್ನ’ವನ್ನು ಕಿತ್ತುಹಾಕಲಿಲ್ಲ ಎಂಬುದನ್ನು ಆ ತಾಯಿಗೆ ಹೇಳಿದೆವು. “ಅಂವ ಶರಣ ಆದ, ನಮ್ಮಂವ ಇನ್ನೂ ಹುಡುಗ ಅದಾನ್ರಿ” ಎಂದರು. ಉತ್ತರ ಸಮಂಜಸವಾಗಿಯೇ ಇತ್ತು.

ವಾಸ್ತವವಾಗಿ ಹುಡುಗನಿಗೆ ಬುದ್ಧಿ ಹೇಳಲು ನಮ್ಮ ನಾಲಿಗೆ ಹಿಂಜರಿದುದಕ್ಕೆ ಬೇರೊಂದು ಕಾರಣವಿತ್ತು. ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ನಾವು ಹನ್ನೆರಡು ವರ್ಷದವರಿದ್ದಾಗ, ಮಠವೊಂದರ ಪಾಠಶಾಲೆಯಲ್ಲಿ, ಮುರಿದ ಕೊಡೆಯ ಕಡ್ಡಿಯನ್ನು ಬಾಗಿಸಿ ಉಗ್ರಾಣದ ಬೀಗ ತೆಗೆದಿದ್ದೆವು. ಮೊದಮೊದಲು ಕೇವಲ ಕುತೂಹಲ. ತೆರೆದ ಮೇಲೆ ಬೆಲ್ಲದ ವಾಸನೆ ಬಂದಿತು. ಒಂದು ಹೆಂಟೆ ತೆಗೆದುಕೊಂಡೆವು, ಬೀಗವನ್ನು ಮತ್ತೆ ಒತ್ತಿದೆವು. ಹೀಗೆ ಮೂರು ಸಲ. ನಾಲ್ಕನೆಯ ದಿನ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಬೀಗ ಮುರಿದಿರಲಿಲ್ಲ, ಕೀಲಿಕೈ ಇದ್ದುದು ಉಗ್ರಾಣ ನೋಡಿಕೊಳ್ಳುತ್ತಿದ್ದ ಒಬ್ಬ ವೃದ್ಧರಲ್ಲಿ ಮಾತ್ರ. ಅವರನ್ನು ಯಾರೂ ಬೈಯಲಿಲ್ಲ, ಕೀಲಿಕೈಯನ್ನು ಮಾತ್ರ ಮರಳಿ ಪಡೆದರು. ಆ ವಾರವೇ ಅವರು ತಮ್ಮ ಗಂಟು ಕಟ್ಟಿಕೊಂಡು ಊರಿಗೆ ಹೋದರು. ನಾವು ಬಾಯಿ ಬಿಡಲಿಲ್ಲ.

ಬೀಗ ಮುರಿದರೆ ಹೊರಗಿನವನ ಕೆಲಸವೆಂದು ಜನರು ತಿಳಿಯುತ್ತಾರೆ. ಮುರಿಯದೆ ತೆರೆದರೆ ಸಂಶಯವೆಲ್ಲ ಕೀಲಿಕೈ ಹಿಡಿದವನ ಮೇಲೆ. ಈ ವಿದ್ಯೆಯ ನಿಜವಾದ ಅಪಾಯ ಇದು. ಇಂಗ್ಲೆಂಡಿನ ಚಬ್ ಎಂಬ ಮನೆತನದವರು 1818ರಲ್ಲಿ ರೂಪಿಸಿದ ಬೀಗವೊಂದರಲ್ಲಿ ಇದಕ್ಕೆ ಉಪಾಯವಿತ್ತು. ಯಾರಾದರೂ ಕಡ್ಡಿ ಹಾಕಿ ಒಳಗಿನ ತಗಡನ್ನು ಹೆಚ್ಚು ಎತ್ತಿದರೆ ಬೀಗ ತಾನೇ ಸಿಕ್ಕಿಕೊಂಡು, ಒಡೆಯನು ಬಂದಾಗ ‘ನನ್ನನ್ನು ಯಾರೋ ಕೆಣಕಿದ್ದಾರೆ’ ಎಂದು ಸಾಕ್ಷಿ ನುಡಿಯುತ್ತಿತ್ತು. ನಮ್ಮ ಉಗ್ರಾಣಕ್ಕೆ ಅಂಥದೊಂದು ಬೀಗ ಇದ್ದಿದ್ದರೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಆ ಬೀಗವನ್ನೂ 1851ರ ಲಂಡನ್ ಮಹಾಪ್ರದರ್ಶನದ ವರ್ಷ ಅಮೆರಿಕದ ಹಾಬ್ಸ್ ಎಂಬ ಕುಶಲಿಯು ಅರ್ಧ ಗಂಟೆಯೊಳಗೆ ತೆಗೆದನು. ಬಳಿಕ ಬ್ರಾಮಾ ಕಂಪನಿಯವರು ತೆರೆದವರಿಗೆ ಇನ್ನೂರು ಗಿನಿ ಬಹುಮಾನವೆಂದು ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಬೀಗಕ್ಕೆ ಕೈಹಾಕಿ, ಹದಿನಾರು ದಿನಗಳಲ್ಲಿ ಸುಮಾರು 51 ಗಂಟೆ ದುಡಿದು ಅದನ್ನೂ ತೆರೆದನು. ಇಂಥ ಗುಟ್ಟನ್ನು ಹೊರಗೆಡಹಿದರೆ ಕಳ್ಳರಿಗೆ ಪಾಠ ಹೇಳಿದಂತಾಗದೆ ಎಂದು ಅಂದೂ ಜನ ಕೇಳಿದರು. ಕಳ್ಳರಿಗೆ ಅದು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದವರು ಬೀಗ ಕೊಳ್ಳುವ ಸಂಭಾವಿತರು ಮಾತ್ರ ಎಂಬುದು ಹಾಬ್ಸನ ಪಕ್ಷದವರ ವಾದವಾಗಿತ್ತು. ಆ ಸೋಲಿನ ತರುವಾಯ ಬೀಗಗಳು ಸುಧಾರಿಸಿದವೆಂಬುದನ್ನು ಮರೆಯಬಾರದು.

ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಗೂ ಇದೇ ಹವ್ಯಾಸ. ಅರಮನೆಯಲ್ಲಿಯೇ ಬೀಗ ತಯಾರಿಸುವ ಕುಲುಮೆ ಇಟ್ಟುಕೊಂಡಿದ್ದನು. ವಿದ್ಯೆ ಕಲಿಸಿದ ಗಾಮೆಂ ಎಂಬ ಬೀಗದ ಕೆಲಸಗಾರನೇ 1792ರಲ್ಲಿ ದೊರೆಯ ಗುಪ್ತ ಕಬ್ಬಿಣದ ಕಪಾಟನ್ನು ವೈರಿಗಳಿಗೆ ತೋರಿಸಿಕೊಟ್ಟನು. ಅಲ್ಲಿ ದೊರೆತ ಕಾಗದಗಳು ದೊರೆಯ ವಿಚಾರಣೆಯಲ್ಲಿ ಅವನಿಗೆ ಮುಳುವಾದವು. ಅಲ್ಲಿ ಸೋತದ್ದು ಬೀಗವಲ್ಲ.

ಇಂದು ಜರ್ಮನಿ, ಹಾಲೆಂಡ್ ಮೊದಲಾದೆಡೆ ಈ ಹವ್ಯಾಸಿಗಳ ಸಂಘಗಳೇ ಇವೆ. ಜರ್ಮನಿಯ ಸಂಘ 1997ರಷ್ಟು ಹಿಂದಿನದು. ಅವರಲ್ಲಿ ಎರಡು ಕಟ್ಟಳೆಗಳು ರೂಢಿಯಲ್ಲಿವೆ: ತನ್ನದಲ್ಲದ ಬೀಗಕ್ಕೆ ಒಡೆಯನ ಅಪ್ಪಣೆ ಇಲ್ಲದೆ ಕೈ ಹಚ್ಚಬಾರದು, ಬಳಕೆಯಲ್ಲಿರುವ ಬೀಗವನ್ನು, ತನ್ನದೇ ಆಗಿದ್ದರೂ, ಕೆಣಕಬಾರದು, ಏಕೆಂದರೆ ಅದು ಕೆಟ್ಟುಹೋಗಬಹುದು. ನಮ್ಮ ದೇಶದ ಕಾನೂನೂ ಉದ್ದೇಶವನ್ನೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಅದರ ಹಿಂದಿನ ದಂಡಸಂಹಿತೆಯಲ್ಲಿಯೂ, ಅತಿಕ್ರಮಿಸಲೆಂದು ಬೀಗ ತೆಗೆದು ಪರರ ಮನೆ ಹೊಕ್ಕರೆ ಅದು ಕನ್ನಗಳವಿನ ಅಪರಾಧ. ತನ್ನ ಬೀಗವನ್ನು ತನ್ನ ಕಟ್ಟೆಯ ಮೇಲೆ ಕುಳಿತು ತೆಗೆಯುವುದು ಅಪರಾಧವಲ್ಲ. ಆದರೂ ಆ ಕಡ್ಡಿಗಳನ್ನು ಕಿಸೆಯಲ್ಲಿಟ್ಟುಕೊಂಡು ರಾತ್ರಿ ಹೆದ್ದಾರಿಯ ಬದಿ ತಿರುಗಬೇಡವೆಂದು ಹುಡುಗನಿಗೆ ಖಂಡಿತವಾಗಿ ಹೇಳಿದೆವು. ತಲೆಯಾಡಿಸಿದನು.

ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಒಳಕೋಣೆಯ ಕೀಲಿಕೈ ಕಾಣೆಯಾಗಿದೆಯೆಂದು 2018ರಲ್ಲಿ ದೊಡ್ಡ ಗದ್ದಲವಾಯಿತು. 2024ರ ಜುಲೈ 14ರಂದು ತೆರೆಯಲು ಹೋದಾಗ, ದೊರೆತ ಕೀಲಿಕೈಗಳು ಒಗ್ಗದೆ ಬೀಗಗಳನ್ನು ಮುರಿಯಬೇಕಾಯಿತು. ಈ ಸಂಗತಿಯನ್ನು ಹೇಳುತ್ತಿರುವಾಗ ಆ ತಾಯಿಗೆ ಏನೋ ನೆನಪಾಯಿತು. ಒಳಕೋಣೆಯಲ್ಲಿ ಅವರ ಅತ್ತೆಯ ಟ್ರಂಕು ಇದೆ. ಆ ಹಿರಿಯ ಜೀವ ಲಿಂಗೈಕ್ಯರಾಗಿ ಒಂದು ವರ್ಷ. ಕೀಲಿಕೈ ಎಲ್ಲಿಟ್ಟಿದ್ದರೋ ಸಿಗಲಿಲ್ಲ. ಮೈದುನನು ಸುತ್ತಿಗೆಯಿಂದ ಒಡೆಯೋಣವೆನ್ನುತ್ತಾನೆ, ನಾದಿನಿ ಅವ್ವನ ಪೆಟ್ಟಿಗೆ ಒಡೆಯಬಾರದೆನ್ನುತ್ತಾಳೆ. ಈ ಮಾತಿನಲ್ಲಿಯೇ ಪಂಚಮಿಗೆ ಆಕೆ ತವರಿಗೆ ಬರಲಿಲ್ಲ.

“ನೀ ಅದನ್ನ ತಗದು ನೋಡಿಲ್ಲೇನು?” ಎಂದು ಹುಡುಗನನ್ನು ಕೇಳಿದೆವು.

“ಇಲ್ರಿ ಅಜ್ಜಾರ. ನನಗ ಯಾರೂ ತಗಿ ಅಂದಿಲ್ಲಲ್ರಿ.”

ಎರಡು ತಿಂಗಳು ಅದೇ ಕೋಣೆಯಲ್ಲಿ ಆ ಟ್ರಂಕಿನ ಪಕ್ಕದಲ್ಲಿ ಮಲಗಿದವನು! ನಾವು ಹನ್ನೆರಡರಲ್ಲಿ ಮೂರು ದಿನ ತಡೆಯಲಾರದೆ ಹೋದೆವು. ತಾಯಿ ಮಗನ ಮುಖವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ನಾದಿನಿಗೆ ಫೋನು ಹಚ್ಚಿದರು.

ಪುರಾಣ ಮಂಗಲದ ಹಿಂದಿನ ದಿನ ನಾದಿನಿ ಬಂದರು, ಮೈದುನನೂ ಬಂದನು. ಎಲ್ಲರೆದುರು ಹುಡುಗ ಕುಳಿತನು. ಹಳೆಯ ಬೀಗ, ತುಕ್ಕು ಬೇರೆ; ಎಣ್ಣೆ ಬಿಟ್ಟು ಕಾಯಬೇಕಾಯಿತು. ಒಂದು ತಾಸಿನ ಮೇಲೆ ಕೊಂಡಿ ಸಡಿಲಿತು. ಮುಚ್ಚಳ ಎತ್ತುವ ಮೊದಲು ನಾವು ಎದ್ದು ಹೊರಗೆ ಬಂದೆವು; ಒಳಗಿದ್ದುದು ಆ ಮನೆಯವರಿಗೆ ಸೇರಿದ್ದು. ಸ್ವಲ್ಪ ಹೊತ್ತಿಗೆ ನಾದಿನಿ ಅಳುವ ಸಪ್ಪಳ, ಆಮೇಲೆ ಅತ್ತಿಗೆ-ನಾದಿನಿಯರಿಬ್ಬರೂ ನಗುವ ಸಪ್ಪಳ ಕೇಳಿಸಿತು.

ಹೊರಡುವಾಗ ಹುಡುಗನು ಒಂದು ಬೀಗವನ್ನೂ ಎರಡು ಕಡ್ಡಿಗಳನ್ನೂ ನಮ್ಮ ಚೀಲದಲ್ಲಿಟ್ಟನು. ಸಂಜೆ ಕಣ್ಣು ಮಂದವಾದಾಗ, ಗ್ರಂಥ ಮುಚ್ಚಿಟ್ಟು ಅದನ್ನು ಹಿಡಿಯುತ್ತೇವೆ. ನಾಲ್ಕು ಕಡ್ಡಿಗಳವರೆಗೆ ಬಂದಿದ್ದೇವೆ.