ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಬಂದದ್ದು ನಿಜ. ಕಷಾಯ ಕುಡಿಯುವ ಮುನ್ನ ಇದನ್ನು ಓದಿ



ನಮ್ಮ ಗುಂಪುಗಳಿಗೆ ಆಗಾಗ ಇಂಥ ಸಂದೇಶ ಬರುತ್ತಲೇ ಇರುತ್ತದೆ: "ಈ ಎಲೆಯ ಕಷಾಯ ಕುಡಿಯಿರಿ, ಕ್ಯಾನ್ಸರ್ ಮಾಯ", "ಲಕ್ಷ್ಮಣ ಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ". ಓದಿ ನಕ್ಕು ಬಿಡುವವರಿದ್ದಾರೆ, ನಂಬಿ ಆಸ್ಪತ್ರೆ ಬಿಡುವವರೂ ಇದ್ದಾರೆ. ಗಿಡಗಳಲ್ಲಿ ಏನೂ ಇಲ್ಲ ಎನ್ನುವುದು ತಪ್ಪು. ಎಲೆ ಅರೆದು ಕುಡಿದರೆ ಸಾಕು ಎನ್ನುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದರಲ್ಲಿ ಜೀವ ಹೋಗುತ್ತದೆ.

*ಬಾಲ್ಕನಿಯ ಕುಂಡದ ಹೂವು*

ನಿತ್ಯಪುಷ್ಪ ನಮಗೆಲ್ಲ ಗೊತ್ತು. ಮುಂಬಯಿ, ಪುಣೆಯಲ್ಲಿ ಸದಾಫುಲಿ, ಚೆನ್ನೈಯಲ್ಲಿ ನಿತ್ಯಕಲ್ಯಾಣಿ, ಹೈದರಾಬಾದಿನಲ್ಲಿ ಬಿಳ್ಳಗನ್ನೇರು, ದೆಹಲಿಯಲ್ಲಿ ಸದಾಬಹಾರ್. ಮಡಗಾಸ್ಕರ್ ಮೂಲದ ಈ ಗಿಡವನ್ನು ಹಲವು ದೇಶಗಳಲ್ಲಿ ಸಕ್ಕರೆ ಕಾಯಿಲೆಗೆ ಮನೆಮದ್ದಾಗಿ ಬಳಸುತ್ತಿದ್ದರು.

1950ರ ದಶಕದಲ್ಲಿ ಜಮೈಕಾದಿಂದ ಬಂದ ಇದರ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದರು. ಅವರು ಹುಡುಕುತ್ತಿದ್ದದ್ದು ಸಕ್ಕರೆ ಕಾಯಿಲೆಗೆ ಔಷಧಿಯನ್ನು. ಇಲಿಗಳ ಬಾಯಿಗೆ ಹಾಕಿದ ರಸದಿಂದ ಸಕ್ಕರೆ ಇಳಿಯಲಿಲ್ಲ. ಅದನ್ನೇ ಚುಚ್ಚಿ ಕೊಟ್ಟಾಗ ರಕ್ತದ ಬಿಳಿ ಕಣಗಳು ಇಳಿದವು. ಹಾಗಾದರೆ ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದು ಆದೀತೇ? ಈ ದಾರಿಯಲ್ಲೇ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದು ಮುಖ್ಯ ಔಷಧಿ.

ಈಗ ಲೆಕ್ಕ ನೋಡಿ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ರೋಗಿಗೆ ಒಂದು ಸಲಕ್ಕೆ 10 ಮಿಲಿಗ್ರಾಂ ಕೊಡಬೇಕಾದರೆ 5 ಕಿಲೋ ಒಣ ಎಲೆ ಆಯಿತು. ಅಷ್ಟು ಎಲೆ ಕುದಿಸಿ ಕುಡಿದರೆ ಅದರಲ್ಲಿರುವ ಬೇರೆ ವಿಷಗಳೂ ಹೊಟ್ಟೆಗೆ ಹೋಗುತ್ತವೆ. ಒಂದು ಹಿಡಿ ಎಲೆ ಕುದಿಸಿದರೆ ಔಷಧಿ ಲೆಕ್ಕಕ್ಕೇ ಸಿಗುವುದಿಲ್ಲ. ವಿನ್‌ಕ್ರಿಸ್ಟಿನ್ ಅಂತೂ ದೊಡ್ಡವರಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರುವುದಿಲ್ಲ. ಅದೂ ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಪ್ರಾಣವೇ ಹೋಗುತ್ತದೆ. ಅಳತೆ ತಪ್ಪಿದರೆ ಔಷಧಿ ವಿಷವಾಗುವುದು ಹೀಗೆ.

*ಸಹ್ಯಾದ್ರಿಯ ದುರ್ವಾಸನೆ ಮರ*

ನಮ್ಮ ಘಟ್ಟದ ಕಾಡುಗಳಲ್ಲಿ ದುರ್ವಾಸನೆ ಮರವಿದೆ. ಮರಾಠಿಯಲ್ಲಿ ನರಕ್ಯಾ ಎನ್ನುತ್ತಾರೆ. ಕ್ಯಾಂಪ್ಟೊಥೆಸಿನ್ ಎಂಬ ವಸ್ತು 1966ರಲ್ಲಿ ಮೊದಲು ಚೀನಾದ ಬೇರೊಂದು ಮರದಲ್ಲಿ ಪತ್ತೆಯಾಯಿತು. ಪತ್ತೆ ಮಾಡಿದ ಇಬ್ಬರಲ್ಲಿ ಒಬ್ಬರು, ಮನ್‌ಸುಖ್ ವಾಣಿ, ಮಹಾರಾಷ್ಟ್ರದ ನಂದುರಬಾರ್‌ನವರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ದುರ್ವಾಸನೆ ಮರದಲ್ಲೂ ಕಂಡರು.

ಆದರೆ 70ರ ದಶಕದ ಆರಂಭದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರ ರಚನೆ ಬದಲಿಸಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮರದಿಂದ ಮದ್ದಿಗೆ 30 ವರ್ಷ! ಮರದಲ್ಲಿದ್ದದ್ದನ್ನು ಇದ್ದಂತೆಯೇ ಕೊಡುವುದು ರೋಗಿಗೆ ಅಪಾಯಕಾರಿ.

*"ಗಿಡಮೂಲಿಕೆ ತಾನೇ, ತೊಂದರೆ ಏನು?"*

ತೊಂದರೆ ಇದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೆ ಕೀಮೋ ನಡೆಯುತ್ತಿರುವಾಗ ಯಕೃತ್ತು ಮೊದಲೇ ದಣಿದಿರಬಹುದು. ಕ್ಯಾರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಕಂಡ, ಪಾರ್ಕಿನ್ಸನ್ ಹೋಲುವ ಒಂದು ನರರೋಗಕ್ಕೂ ಲಕ್ಷ್ಮಣ ಫಲದ ಹಣ್ಣು ಮತ್ತು ಎಲೆಯ ಚಹಾದ ಅತಿ ಬಳಕೆಗೂ ಸಂಬಂಧವಿದೆ ಎಂದು ಸಂಶೋಧಕರು ಶಂಕಿಸಿದ್ದಾರೆ. ಇನ್ನು ಕಳೆದುಹೋದ ಸಮಯವಂತೂ ವಾಪಸು ಬರುವುದಿಲ್ಲ. ಮೊದಲ ಹಂತದಲ್ಲಿ ಗುಣವಾಗುವ ಗೆಡ್ಡೆ ಆರು ತಿಂಗಳ ಕಷಾಯದ ನಂತರ ಬೇರೆ ಹಂತಕ್ಕೆ ಹೋಗಿರಬಹುದು.

*ಊರಿನಿಂದ ಬರುವ ಫೋನು*

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ. ಆಸ್ಪತ್ರೆಯಲ್ಲಿ ಭಾಷೆ ಬೇರೆ, ಡಾಕ್ಟರಿಗೆ ಐದು ನಿಮಿಷ ಪುರುಸೊತ್ತು. ಅತ್ತ ಊರಿನಿಂದ ದೊಡ್ಡಪ್ಪನ ಫೋನು: "ಇಲ್ಲಿಗೆ ಕರೆದುಕೊಂಡು ಬಾ, ಮಲೆನಾಡಲ್ಲಿ ಒಬ್ಬರು ಚಕ್ಕೆ ಕೊಡ್ತಾರೆ." ಅವರು ಹೇಳುವುದು ಪ್ರೀತಿಯಿಂದಲೇ. ನಾಟಿ ವೈದ್ಯರು ಕನ್ನಡದಲ್ಲಿ, ಸಮಾಧಾನವಾಗಿ ಮಾತು ಕೇಳುತ್ತಾರೆ ಎಂಬುದೂ ನಿಜ. ಆ ತಾಳ್ಮೆಯನ್ನು ದೊಡ್ಡ ಆಸ್ಪತ್ರೆಗಳು ಕಲಿಯಬೇಕು. ಹಿರಿಯರ ಜೊತೆ ಜಗಳ ಬೇಡ. ಈ ನಾಲ್ಕು ಮಾತು ಮಾತ್ರ ಬಿಡಬೇಡಿ:

1. ನಡೆಯುತ್ತಿರುವ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.
2. ಚಕ್ಕೆ, ಪುಡಿ, ಕಷಾಯ ಏನೇ ಇರಲಿ, ಮೊದಲು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ.
3. ಒಳಗೆ ಏನಿದೆ ಎಂದು ಹೇಳದ ಪೊಟ್ಟಣವನ್ನು ತೆಗೆದುಕೊಳ್ಳಬೇಡಿ.
4. "ಕ್ಯಾನ್ಸರ್ ಗುಣಪಡಿಸುತ್ತೇವೆ" ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಂಥವರಿಂದ ದೂರವಿರಿ.

*ನಾವು ಕೇಳಬೇಕಾದದ್ದು*

ನಮ್ಮ ಹಿರಿಯರ ಗಿಡಮೂಲಿಕೆ ಜ್ಞಾನದ ಮೇಲೆ ನಿಜವಾದ ಅಭಿಮಾನವಿದ್ದರೆ ಅದನ್ನು ಪರೀಕ್ಷೆಗೆ ಒಡ್ಡಬೇಕು. ಆಯುರ್ವೇದ ಕಾಲೇಜುಗಳು ಮತ್ತು ಕ್ಯಾನ್ಸರ್ ಆಸ್ಪತ್ರೆಗಳು ಕೂಡಿ ಪ್ರಯೋಗ ಮಾಡಲಿ. ಫಲಿತಾಂಶ ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರಕಟಿಸಲಿ. ಜ್ಞಾನ ಕೊಟ್ಟ ಜನರಿಗೂ ಲಾಭದಲ್ಲಿ ಪಾಲು ಸಿಗಲು 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಅವಕಾಶವಿದೆ. ಗುಟ್ಟಾಗಿಟ್ಟ ಮದ್ದು ವೈದ್ಯನ ಜೊತೆಗೇ ಮಣ್ಣಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದದ್ದು ನಿತ್ಯಪುಷ್ಪದಂತೆ ಲೋಕದ ಮಕ್ಕಳನ್ನೆಲ್ಲ ಕಾಯುತ್ತದೆ.

ನಿಮ್ಮ ಬಳಗದಲ್ಲಿ ಯಾರಾದರೂ ಚಿಕಿತ್ಸೆ ಬಿಟ್ಟು ಊರಿಗೆ ಹೊರಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಟಿಕೆಟ್ ಮಾಡಿಸುವ ಮೊದಲು ಇದನ್ನು ಅವರಿಗೆ ತಲುಪಿಸಿ.