ಸೀಟಿ ಹೊಡೆಯದ ಕುಕ್ಕರ್

ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ಮಗನಿಗೆ ತಾಯಿ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ: ‘ಊಟ ಆಯ್ತೇನೋ?’ ‘ಆಯ್ತಮ್ಮ’ ಎಂಬ ಉತ್ತರವೇನೋ ಥಟ್ಟನೆ ಬರುತ್ತದೆ. ಆದರೆ ಹಗಲೆಲ್ಲ ತರಗತಿ, ಪ್ರಯೋಗಾಲಯ ಎಂದು ಓಡಾಡಿ ಸಂಜೆ ದಣಿದು ಕೋಣೆ ಸೇರುವವನ ಊಟ ಎಷ್ಟೋ ದಿನ ಬ್ರೆಡ್ಡು, ಜಾಮಿನಲ್ಲೇ ಮುಗಿದಿರುತ್ತದೆ. ಮಾಂಸಾಹಾರಿಗಳಾದ ಇಂಥ ವಿದ್ಯಾರ್ಥಿಗಳಿಗೆ ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿರುವ ಸ್ಲೋ ಕುಕ್ಕರ್ ಬಹಳ ಉಪಕಾರಿ.

ನಮ್ಮ ಪ್ರೆಷರ್ ಕುಕ್ಕರ್‌ಗೂ ಇದಕ್ಕೂ ಅಜಗಜಾಂತರ. ಇದರಲ್ಲಿ ಆವಿಯ ಒತ್ತಡವಿಲ್ಲ, ಸೀಟಿಯೂ ಇಲ್ಲ. ದಪ್ಪನೆಯ ಪಿಂಗಾಣಿ ಪಾತ್ರೆ, ಅದರ ಸುತ್ತ ವಿದ್ಯುತ್ತಿನಿಂದ ಕಾಯುವ ಕವಚ, ಮೇಲೊಂದು ಗಾಜಿನ ಮುಚ್ಚಳ, ಇಷ್ಟೇ. ಮಂದ ಶಾಖದಲ್ಲಿ ಅಡುಗೆ ಗಂಟೆಗಟ್ಟಲೆ ಬೇಯುತ್ತದೆ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದ. ಲಿಥುವೇನಿಯಾದ ಯಹೂದಿಗಳು ಶುಕ್ರವಾರ ಸಂಜೆ ಬೇಕರಿಯ ಒಲೆಯಲ್ಲಿಟ್ಟು ಮರುದಿನ ತೆಗೆಯುತ್ತಿದ್ದ ಚೋಲೆಂಟ್ ಎಂಬ ಅಡುಗೆಯ ಕಥೆಯನ್ನು ತಾಯಿಯಿಂದ ಕೇಳಿದ್ದೇ ಅವನಿಗೆ ಪ್ರೇರಣೆ. 1971ರಲ್ಲಿ ರೈವಲ್ ಕಂಪೆನಿ ಇದನ್ನು ‘ಕ್ರಾಕ್-ಪಾಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಮನೆಮಾತಾಯಿತು.

ಮೂವರಿಗೆ ಸಾಕಾಗುವ ಕೋಳಿ ಸಾರಿಗೆ ಬೇಕಾಗುವ ಸಾಮಗ್ರಿ: ಮೂಳೆಯಿಲ್ಲದ ಕೋಳಿ ತೊಡೆ 750 ಗ್ರಾಂ, ಈರುಳ್ಳಿ 2, ಟೊಮೆಟೊ 2, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಮತ್ತು ಅಚ್ಚಖಾರದ ಪುಡಿ ತಲಾ 2 ಟೀ ಚಮಚ, ಧನಿಯಾ ಪುಡಿ 1 ದೊಡ್ಡ ಚಮಚ, ಚಿಟಿಕೆ ಅರಿಶಿನ, ತೆಂಗಿನ ಹಾಲು ಅರ್ಧ ಬಟ್ಟಲು, ಎಣ್ಣೆ, ಉಪ್ಪು, ನಿಂಬೆ ಹಣ್ಣು.

ಹಿಂದಿನ ರಾತ್ರಿಯೇ ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಶುಂಠಿ-ಬೆಳ್ಳುಳ್ಳಿ, ಪುಡಿಗಳು, ಟೊಮೆಟೊ ಹಾಕಿ ಬಾಡಿಸಿ ಫ್ರಿಜ್‌ನಲ್ಲಿಡಬೇಕು. ಸ್ಲೋ ಕುಕ್ಕರ್ ಹುರಿಯುವುದಿಲ್ಲ. ಈ ಕೆಲಸ ಬಿಟ್ಟರೆ ಮಸಾಲೆಯ ಹಸಿ ವಾಸನೆ ಉಳಿದುಬಿಡುತ್ತದೆ. ಬೆಳಗ್ಗೆ ಕೋಳಿ, ಮಸಾಲೆ, ಉಪ್ಪು, ಅರ್ಧ ಬಟ್ಟಲು ನೀರು ಹಾಕಿ ಮುಚ್ಚಿ ‘ಲೋ’ನಲ್ಲಿಟ್ಟರೆ 6ರಿಂದ 7 ಗಂಟೆಗಳಲ್ಲಿ ಬೆಣ್ಣೆಯಂತೆ ಬೆಂದಿರುತ್ತದೆ. ಎದೆಯ ಭಾಗ ಇಷ್ಟು ಹೊತ್ತಿಗೆ ನಾರಾಗುತ್ತದೆ, ಅದಕ್ಕೇ ತೊಡೆ ಮೇಲು. ತೆಂಗಿನ ಹಾಲನ್ನು ಮೊದಲೇ ಹಾಕಿದರೆ ಒಡೆಯಬಹುದು. ಕೊನೆಯ ಕಾಲು ಗಂಟೆಯಲ್ಲಿ ಬೆರೆಸಿ, ನಿಂಬೆ ಹಿಂಡಿದರೆ ಸಾಕು. ಮನೆಗೆ ಬರುವುದು ತಡವಾಗುವಂತಿದ್ದರೆ, ಸಮಯ ಮುಗಿದೊಡನೆ ತಾನಾಗಿ ‘ವಾರ್ಮ್’ಗೆ ಬದಲಾಗುವ ಮಾದರಿಯನ್ನೇ ಕೊಳ್ಳಬೇಕು.

ಇನ್ನು ಮುಖ್ಯವಾದ ಎಚ್ಚರಿಕೆ. ಫ್ರೀಜರ್‌ನಿಂದ ತೆಗೆದ ಗಟ್ಟಿ ಕೋಳಿಯನ್ನು ನೇರವಾಗಿ ಇದಕ್ಕೆ ಹಾಕಲೇಬಾರದು. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ನಿಧಾನವಾಗಿ ಕಾಯುವ ಈ ಪಾತ್ರೆಯಲ್ಲಿ ಹೆಪ್ಪುಗಟ್ಟಿದ ಮಾಂಸ ಆ ಹಂತ ದಾಟಲು ಬಹಳ ಹೊತ್ತು ಹಿಡಿಯುತ್ತದೆ. ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಅರೆಗಿಳಿಸಿ ಕರಗಿಸಬೇಕು. ಪಾತ್ರೆ ಅರ್ಧಕ್ಕಿಂತ ಕಡಿಮೆಯೂ ಮುಕ್ಕಾಲಿಗಿಂತ ಹೆಚ್ಚೂ ತುಂಬಿರಬಾರದು. ಪದೇ ಪದೇ ಮುಚ್ಚಳ ತೆಗೆದರೆ ಶಾಖ ಹೋಗಿ ಬೇಯುವುದು ತಡವಾಗುತ್ತದೆ. ಬೆಂದ ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಿರಬೇಕು; ಅಡುಗೆಯ ಥರ್ಮಾಮೀಟರ್ ಇಟ್ಟುಕೊಳ್ಳುವುದು ಒಳಿತು. ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿತ್ತೆಂದು ತಿಳಿದರೆ, ನೋಡಲು ಬೆಂದಂತಿದ್ದರೂ ಚೆಲ್ಲುವುದೇ ಕ್ಷೇಮ. ಉಳಿದದ್ದನ್ನು ಅಗಲ ಡಬ್ಬಿಗೆ ಬಗ್ಗಿಸಿ 2 ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು, ಮರುದಿನ ಒಲೆಯ ಮೇಲೆ ಚೆನ್ನಾಗಿ ಕುದಿಸಿ ಉಣ್ಣಬೇಕು.

ಪಾಲಕರಿಗೊಂದು ಕಿವಿಮಾತು: ಇದನ್ನು ಇಲ್ಲಿಂದ ಕಟ್ಟಿ ಕಳಿಸುವುದು ಬೇಡ. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಕಳಿಸುವುದಾದರೆ ಮನೆಯ ಸಾರಿನ ಪುಡಿ ಕಳಿಸಲಿ, ಹೊರಡುವ ಮುನ್ನ ಮಗನ ಕೈಯಲ್ಲಿ ಎರಡು ಸಲ ಈರುಳ್ಳಿ ಹುರಿಸಲಿ. ಆಮೇಲೆ ಫೋನಿನಲ್ಲಿ ‘ಆಯ್ತಮ್ಮ’ ಎಂದರೆ ನಂಬಬಹುದು.